ರೀಮ್ಯಾಪ್, ಟ್ಯೂನಿಂಗ್ ಬಾಕ್ಸ್, ಪೆಡಲ್ ಬಾಕ್ಸ್: ಘಾಟಿ ಹತ್ತಿಸಿ ನೋಡಿದ್ದು, ವಾರಂಟಿಗೆ ಆಗಿದ್ದು

ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಾಟಿಯಲ್ಲಿ ಲೋಡ್ ಲಾರಿ ಹಿಂದೆ ಸಿಕ್ಕಿಕೊಂಡಾಗ ‘ಇನ್ನೊಂಚೂರು ಪಿಕಪ್ ಇದ್ದಿದ್ರೆ’ ಅಂತ ಅನಿಸದ ಡೀಸೆಲ್ ಗಾಡಿಯವರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಡಿಮೆ. ಅಂಕೋಲಾದಿಂದ ಯಲ್ಲಾಪುರಕ್ಕೆ ಹೋಗುವಾಗ ಅರಬೈಲ್ ಘಾಟಿಯಲ್ಲೂ ಅದೇ ಕಥೆ. ಹಾಗಾಗಿ ಎಂಜಿನ್ ಶಕ್ತಿ ಹೆಚ್ಚಿಸುವ ಟ್ಯೂನಿಂಗ್ ಮಾಡಿಸಬೇಕಾ, ಮಾಡಿಸಿದರೆ ವಾರಂಟಿ ಹೋಗುತ್ತದಾ ಅಂತ ಕೇಳುವವರು ಶಿರಸಿಯಲ್ಲೂ ಇದ್ದಾರೆ, ಕಾರವಾರದಲ್ಲೂ ಇದ್ದಾರೆ. ಸಿಗುವ ಉತ್ತರ ಎರಡೇ. ಅಂಗಡಿಯವರು ‘ಏನೂ ಆಗೋದಿಲ್ಲ’ ಅಂತಾರೆ. ಸರ್ವಿಸ್ ಸೆಂಟರ್‌ನವರು ‘ಎಲ್ಲಾ ಹೋಗ್ತದೆ’ ಅಂತಾರೆ. ಎರಡೂ ಪೂರ್ತಿ ನಿಜವಲ್ಲ.

ನನ್ನದು ಬಿಎಸ್4 (ಹೊಗೆ ಮಿತಿಯ ಹಳೆ ನಿಯಮ) ಕಾಲದ 1.5 ಲೀಟರ್ ಟರ್ಬೊ ಡೀಸೆಲ್. ವಾರಂಟಿ ಮುಗಿದಿದೆ. ಈ ಗಾಡಿಗೆ ಮೊದಲು ಟ್ಯೂನಿಂಗ್ ಬಾಕ್ಸ್ ಹಾಕಿ ಓಡಿಸಿದೆ, ಅದನ್ನು ತೆಗೆದು ಆಮೇಲೆ ರೀಮ್ಯಾಪ್ ಮಾಡಿಸಿದೆ. ತಮ್ಮನದು ಆಮೇಲೆ ಬಂದ ಬಿಗಿ ನಿಯಮದ ಬಿಎಸ್6 ಡೀಸೆಲ್, ವಾರಂಟಿ ಇನ್ನೂ ಇದೆ. ಅದರಲ್ಲಿ ಪೆಡಲ್ ಬಾಕ್ಸ್, ಕಾಟನ್ ಏರ್ ಫಿಲ್ಟರ್, ಎಕ್ಸ್‌ಟ್ರಾ ಲೈಟು ನೋಡಿದ್ದೇವೆ. ಎರಡೂ ಗಾಡಿ ಓಡಿದ್ದು ಅದೇ ರಸ್ತೆಗಳಲ್ಲಿ: ಶಿರಸಿ–ಕುಮಟಾ, ಅಂಕೋಲಾ–ಯಲ್ಲಾಪುರ, ಮತ್ತೆ ಕಾರವಾರದವರೆಗಿನ ಹೆದ್ದಾರಿ 66.

ಟ್ಯೂನಿಂಗ್ ಬಾಕ್ಸ್ ಅಂದರೆ ಅಂಗೈಯಗಲದ ಕಪ್ಪು ಡಬ್ಬಿ. ಬಾನೆಟ್ ಎತ್ತಿ, ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡುವ ಕೊಳವೆಯ (ಕಾಮನ್ ರೈಲ್) ಪ್ರೆಶರ್ ಸೆನ್ಸರ್‌ನ ಕಪ್ಲರ್, ಅಂದರೆ ವೈರಿನ ಪ್ಲಗ್, ಬಿಚ್ಚಿ, ನಡುವೆ ಇದನ್ನು ಸಿಕ್ಕಿಸಿದರೆ ಮುಗಿಯಿತು. ಇದರ ಕೆಲಸ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಸುಳ್ಳು ಹೇಳುವುದು. ರೈಲ್‌ನಲ್ಲಿ ನಿಜವಾಗಿ 1,400 ಬಾರ್ ಒತ್ತಡ ಇದ್ದರೆ 1,300 ಇದೆ ಅಂತ ತೋರಿಸುತ್ತದೆ ಅಂದುಕೊಳ್ಳಿ. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ. ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದಿದ್ದರೂ ಡೀಸೆಲ್ ಜಾಸ್ತಿ ಬೀಳುತ್ತದೆ.

ಓಡಿಸುವಾಗ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಹದ ಇಲ್ಲ. ಹೇರ್‌ಪಿನ್ ತಿರುವು ದಾಟಿ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಇಲ್ಲ, ಮರುಕ್ಷಣ ಒಮ್ಮೆಲೇ ಎಳೆತ. ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುತ್ತದೆ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಇಂಥ ಎಳೆತ ನನಗೆ ಬೇಡವೇ ಬೇಡ. ಅರಬೈಲ್ ಹತ್ತುವಾಗ ಚೆಕ್ ಎಂಜಿನ್ ದೀಪವೂ ಬಂತು. ಸ್ಕ್ಯಾನರ್ ಹಚ್ಚಿದರೆ ರೈಲ್ ಪ್ರೆಶರ್ ಹೊಂದಾಣಿಕೆ ತಪ್ಪಿದೆ ಅನ್ನುವ ಕೋಡ್ ಇತ್ತು.

ರೀಮ್ಯಾಪ್ ಬೇರೆಯದೇ ದಾರಿ. ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಹಚ್ಚುವ ಓಬಿಡಿ ಪೋರ್ಟ್‌ಗೆ ಕೇಬಲ್ ಹಾಕಿ, ಇಸಿಯುನಲ್ಲಿರುವ ಕಂಪನಿಯ ಫೈಲ್ (ಇದೇ ಮ್ಯಾಪ್) ಓದಿ ಇಟ್ಟುಕೊಂಡು, ತಿದ್ದಿದ ಫೈಲ್ ಬರೆಯುತ್ತಾರೆ. ಟರ್ಬೊ ತುಂಬುವ ಗಾಳಿಯ ಒತ್ತಡ (ಬೂಸ್ಟ್) ಎಷ್ಟು, ಎಷ್ಟು ಡೀಸೆಲ್, ಯಾವ ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್‌ಗೆ (ಎಳೆಯುವ ಬಲಕ್ಕೆ) ಮಿತಿ, ಎಲ್ಲಾ ಒಟ್ಟಿಗೆ ಬದಲಾಗುತ್ತದೆ. ಟರ್ಬೊ ಡೀಸೆಲ್‌ಗೆ ಟ್ಯೂನರ್‌ಗಳು ಸಾಮಾನ್ಯವಾಗಿ ಹೇಳುವುದು ಪವರ್‌ನಲ್ಲಿ 20–30% ಏರಿಕೆ. ನಾನು ನೋಡಿದ್ದು ಗೇರು. ಮೊದಲು ಎರಡನೇ ಗೇರಿಗೆ ಇಳಿಯಲೇಬೇಕಿದ್ದ ಏರುಗಳಲ್ಲಿ ಈಗ ಮೂರರಲ್ಲೇ ಗಾಡಿ ಹತ್ತುತ್ತದೆ, ತುಂಬಿದ ಮನೆಮಂದಿ, ಲಗೇಜು, ಏಸಿ ಸಮೇತ. ಎಳೆತ ಸಮವಾಗಿದೆ, ಹೊಗೆ ಕಡಿಮೆ. ಓಡಿಸುವ ಸುಖ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಬಾಕ್ಸ್ ರೀಮ್ಯಾಪ್‌ನ ಹತ್ತಿರಕ್ಕೂ ಬರುವುದಿಲ್ಲ.

ಹಾಗಿದ್ದರೂ ಬಾಕ್ಸ್ ಯಾಕೆ ಮಾರಾಟವಾಗುತ್ತದೆ? ‘ಸರ್ವಿಸ್‌ಗೆ ಹೋಗೋವಾಗ ಬಿಚ್ಚಿಡಿ, ವಾರಂಟಿ ಸೇಫ್’ ಅನ್ನುವ ಒಂದೇ ಮಾತಿಗೆ. ನನ್ನ ತಕರಾರು ಇರುವುದು ಈ ಮಾತಿನ ಮೇಲೆ.

ಫಾಲ್ಟ್ ಕೋಡ್ ಬಿದ್ದಾಗ ಇಸಿಯು ಆ ಕ್ಷಣದ ಆರ್‌ಪಿಎಂ, ಲೋಡ್, ವೇಗ, ಎಂಜಿನ್ ಬಿಸಿ ಎಲ್ಲವನ್ನೂ ಒಂದು ಫೋಟೊದಂತೆ ಹಿಡಿದಿಡುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಅಂತಾರೆ. ಬಾಕ್ಸ್ ಬಿಚ್ಚಿದ ಕೂಡಲೇ ಅದು ಅಳಿಯುವುದಿಲ್ಲ. ಇನ್ನೊಂದು ಸುಳಿವು ಆ ಕಪ್ಲರ್. ಹೊಸ ಗಾಡಿಯಲ್ಲಿ ಅದರ ಲಾಕ್ ನಾಲಿಗೆ ನುಣುಪಾಗಿರುತ್ತದೆ. ನಾಲ್ಕಾರು ಸಲ ಬಿಚ್ಚಿ ಹಾಕಿದರೆ ಸ್ಕ್ರೂಡ್ರೈವರ್ ತಾಗಿದ ಕಡೆ ಪ್ಲಾಸ್ಟಿಕ್ ಬಿಳಿಚಿಕೊಳ್ಳುತ್ತದೆ, ಸುತ್ತಲಿನ ಧೂಳು ಒರೆಸಿದ ಹಾಗೆ ಕಾಣುತ್ತದೆ. ಅಂಕೋಲಾದ ಪರಿಚಯದವರೊಬ್ಬರ ಇಂಜೆಕ್ಟರ್ ಕ್ಲೇಮ್ ನಿಂತದ್ದು ಇಂಥದ್ದರಿಂದಲೇ. ಬಾಕ್ಸ್ ಮನೆಯ ಕಪಾಟಿನಲ್ಲಿತ್ತು. ಕಂಪನಿ ಎಂಜಿನಿಯರ್ ಕಪ್ಲರ್ ಫೋಟೊ ತೆಗೆದು, ಫ್ರೀಜ್ ಫ್ರೇಮ್ ಪ್ರಿಂಟ್ ಜೊತೆಗಿಟ್ಟು, ‘ಇದಕ್ಕೇನಂತೀರಿ ಸಾರ್?’ ಅಂತ ಕೇಳಿದರಂತೆ. ಅಷ್ಟೂ ಇಂಜೆಕ್ಟರ್‌ಗಳ ದುಡ್ಡು ಇವರೇ ಕಟ್ಟಬೇಕಾಯಿತು.

ರೀಮ್ಯಾಪ್ ಸಿಕ್ಕಿಬೀಳುವುದು ಇನ್ನೂ ಸುಲಭ. ಇಸಿಯುನ ಸಾಫ್ಟ್‌ವೇರ್‌ಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದರ ಒಳಗಿನ ಅಂಕಿಗಳನ್ನು ಕೂಡಿಸಿ ತಾಳೆ ನೋಡುವ ಸಿವಿಎನ್ ಅನ್ನುವ ಇನ್ನೊಂದು ಸಂಖ್ಯೆ ಇರುತ್ತದೆ. ಮ್ಯಾಪ್ ಬದಲಾದರೆ ಸಿವಿಎನ್ ತಾಳೆಯಾಗುವುದಿಲ್ಲ. ಹಳೆ ಫೈಲ್ ವಾಪಸ್ ಹಾಕಿಸಿದರೆ ಆ ಸಂಖ್ಯೆ ಸರಿಯಾಗಬಹುದು. ಆದರೆ ಎಷ್ಟು ಸಲ ಬರೆಯಲಾಗಿದೆ ಅನ್ನುವ ಲೆಕ್ಕ ಹಲವು ಇಸಿಯುಗಳಲ್ಲಿ ಉಳಿದಿರುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳಿಗಂತೂ ಇದಕ್ಕೆ ಟಿಡಿ1 ಅನ್ನುವ ಗುರುತೇ ಇದೆ. ಅದು ಕಂಪನಿಯ ದಾಖಲೆಯಲ್ಲಿ ಒಮ್ಮೆ ಕೂತರೆ ಎಂಜಿನ್, ಗೇರ್‌ಬಾಕ್ಸ್ ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ. ಯಾವ ಡೀಲರ್ ಹತ್ತಿರ ಹೋದರೂ ಅಷ್ಟೆ.

ತಮ್ಮನಿಗೆ ರೀಮ್ಯಾಪ್ ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣ ಡಿಪಿಎಫ್. ಬಿಎಸ್6 ಡೀಸೆಲ್‌ನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದು. ತುಂಬಿದಾಗ ಎಂಜಿನ್ ತಾನೇ ಹೆಚ್ಚಿಗೆ ಡೀಸೆಲ್ ಬಿಟ್ಟು ಮಸಿಯನ್ನು ಸುಡುತ್ತದೆ. ಅವನ ದಿನದ ಓಡಾಟ ಕಾರವಾರ ಪೇಟೆಯಿಂದ ಬಿಣಗಾ, ಅಷ್ಟೇ. ಅಷ್ಟರಲ್ಲಿ ಅದಕ್ಕೆ ಸರಿಯಾಗಿ ಕಾವು ಏರುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತರೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಇದರ ಮೇಲೆ ಮಸಿ ಹೆಚ್ಚಿಸುವ ಮ್ಯಾಪ್ ಹಾಕಿದರೆ ಏನಾಗಬಹುದು ಯೋಚಿಸಿ. ‘ಡಿಪಿಎಫ್ ತೆಗೆದುಬಿಡಿ’ ಅನ್ನುವವರ ಮಾತು ಕೇಳಬೇಡಿ. ಅದು ಕಾನೂನಿಗೂ ವಿರುದ್ಧ, ಹಿಂದೆ ಬರುವವರ ಶ್ವಾಸಕ್ಕೂ ಕೆಡುಕು.

ಪೆಡಲ್ ಬಾಕ್ಸ್‌ಗೂ ಟ್ಯೂನಿಂಗ್ ಬಾಕ್ಸ್‌ಗೂ ಸಂಬಂಧ ಇಲ್ಲ. ಇದು ಆಕ್ಸಿಲರೇಟರ್ ಪೆಡಲ್‌ನ ಕಪ್ಲರ್‌ನಲ್ಲಿ ಕೂರುತ್ತದೆ. ನೀವು ಕಾಲು ಭಾಗ ಒತ್ತಿದರೆ ಅರ್ಧ ಒತ್ತಿದ ಹಾಗೆ ಇಸಿಯುಗೆ ಹೇಳುತ್ತದೆ. ಪವರ್ ಒಂದಿಷ್ಟೂ ಹೆಚ್ಚುವುದಿಲ್ಲ. ಪೂರ್ತಿ ಒತ್ತಿದರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೇವಿಮನೆಯ ತಿರುವುಗಳಲ್ಲಿ ಗಾಡಿ ಚುರುಕಾದಂತೆ ಅನಿಸಿದ್ದು ನಿಜ. ಶಿರಸಿ ಪೇಟೆಯ ಸಂತೆ ದಿನದ ಜನಜಂಗುಳಿಯಲ್ಲಿ ಅದೇ ಚುರುಕು ಕಿರಿಕಿರಿ. ಮ್ಯಾಪ್ ಮುಟ್ಟದ ಕಾರಣ ಎಂಜಿನ್ ವಾರಂಟಿಗೆ ಇದರಿಂದ ಅಪಾಯ ಕಡಿಮೆ. ಪೆಡಲ್ ಸೆನ್ಸರ್‌ನ ದೂರು ಬಂದರೆ ಮಾತ್ರ ಮೊದಲ ಪ್ರಶ್ನೆ ಇದರದ್ದೇ. ಗಾಡಿಯಲ್ಲಿ ಸ್ಪೋರ್ಟ್ ಮೋಡ್ ಇದ್ದರೆ ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ.

ಕಾಟನ್ ಏರ್ ಫಿಲ್ಟರ್ ಬಗ್ಗೆ ಹೇಳುವುದು ಕಡಿಮೆ. ವ್ಯತ್ಯಾಸ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ತೊಳೆದ ಮೇಲೆ ಎಣ್ಣೆ ಜಾಸ್ತಿ ಹಚ್ಚಿದರೆ ಅದು ಗಾಳಿ ಅಳೆಯುವ ಸೆನ್ಸರ್‌ನ ಸಣ್ಣ ತಂತಿಗೆ ಅಂಟುತ್ತದೆ, ಆಗ ಆ ಸೆನ್ಸರ್‌ನ ಕ್ಲೇಮ್ ಕಷ್ಟ. ಬೇಸಿಗೆಯಲ್ಲಿ ನಮ್ಮ ಕೆಂಪು ಧೂಳಿಗೆ ಕಂಪನಿಯ ಪೇಪರ್ ಫಿಲ್ಟರ್ ಸಾಕು.

ಲೈಟಿನ ಮಾತಿಗೆ ಬರಲೇಬೇಕು. ಇದನ್ನು ಯಾರೂ ಮಾಡಿಫಿಕೇಶನ್ ಅಂತ ಎಣಿಸುವುದೇ ಇಲ್ಲ. ಆಷಾಢದ ಮಂಜಿನಲ್ಲಿ ಘಾಟಿ ಇಳಿಯುವವರಿಗೆ ಎಕ್ಸ್‌ಟ್ರಾ ಫಾಗ್ ಲ್ಯಾಂಪ್ ಬೇಕು ಅನಿಸುವುದು ಸಹಜ. ಅಂಗಡಿಯಲ್ಲಿ ಕಂಪನಿ ವೈರು ಕತ್ತರಿಸಿ, ಬೆಸೆದು, ಕಪ್ಪು ಟೇಪ್ ಸುತ್ತಿ ಕೊಡುತ್ತಾರೆ. ಕರಾವಳಿಯ ಉಪ್ಪುಗಾಳಿಗೆ ಆ ಟೇಪ್ ಒಳಗೆ ತಾಮ್ರ ಹಸಿರಾಗಲು ಒಂದು ಮಳೆಗಾಲ ಸಾಕು. ಆಮೇಲೆ ದೀಪ ಮಿನುಗುತ್ತದೆ, ಫ್ಯೂಸ್ ಹೋಗುತ್ತದೆ. ವೈರಿಂಗ್ ಕ್ಲೇಮ್‌ಗೆ ಹೋದರೆ ಕತ್ತರಿಸಿದ ಜಾಗವನ್ನೇ ಬೆರಳಿಟ್ಟು ತೋರಿಸುತ್ತಾರೆ, ಆಗ ನಮ್ಮ ಬಳಿ ಮಾತಿಲ್ಲ. ತಮ್ಮನ ಗಾಡಿಗೆ ಹಾಕಿಸಿದ್ದು ರಿಲೇ (ಲೈಟಿನ ಕರೆಂಟಿಗೆ ಬೇರೆ ಸ್ವಿಚ್) ಇರುವ, ವೈರು ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಕಿಟ್. ಕರೆಂಟು ನೇರ ಬ್ಯಾಟರಿಯಿಂದ, ಬೇರೆ ಫ್ಯೂಸ್, ಕಂಪನಿ ವೈರಿಗೆ ಒಂದು ಗಾಯವೂ ಇಲ್ಲ. ಕಿಟ್‌ಗೆ ಸ್ವಲ್ಪ ಜಾಸ್ತಿ ಖರ್ಚಾಯಿತು. ಹೆಡ್‌ಲೈಟ್‌ನಲ್ಲಿ 55/60 ವ್ಯಾಟ್ ಬಲ್ಬ್ ತೆಗೆದು 90/100 ಹಾಕುವುದನ್ನು ಮಾತ್ರ ಒಪ್ಪಲಿಲ್ಲ. ಹೋಲ್ಡರ್ ಕರಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ.

ಬೈಕಿನ ಸೈಲೆನ್ಸರ್ ಬದಲಿಸುವವರಿಗೆ ವಾರಂಟಿಗಿಂತ ಮೊದಲು ಪೊಲೀಸರ ತೊಂದರೆ. ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಶಬ್ದ ಮಾಲಿನ್ಯಕ್ಕೆ ಮೊದಲ ಸಲವೇ 10,000 ರೂ.ವರೆಗೆ ದಂಡ ಇದೆ. ಅದೇ ಕಾಯ್ದೆಯ ಸೆಕ್ಷನ್ 52 ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬೇಡಿ ಅನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ(4)ರ ಪ್ರಕಾರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇನ್ಶೂರೆನ್ಸ್‌ನವರಿಗೆ ತಿಳಿಸದ ಬದಲಾವಣೆ ಅಪಘಾತದ ಕ್ಲೇಮ್‌ಗೂ ಅಡ್ಡ ಬರಬಹುದು.

ಇನ್ನು ಸರ್ವಿಸ್ ಸೆಂಟರ್‌ನವರ ‘ಎಲ್ಲಾ ಹೋಗ್ತದೆ’. ಅಮೆರಿಕದ 1975ರ ವಾರಂಟಿ ಕಾನೂನನ್ನು ವಿಡಿಯೊಗಳಲ್ಲಿ ನೋಡಿ ಇಲ್ಲಿ ವಾದ ಮಾಡುವವರಿದ್ದಾರೆ. ಅದು ಇಲ್ಲಿ ನಡೆಯುವುದಿಲ್ಲ. ನಮಗೆ ಹಿಡಿದುಕೊಳ್ಳಲು ಬೇರೆ ಆಧಾರ ಇದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂ. ದಂಡ ಹಾಕಿತು. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಅನ್ನುವಂತಿಲ್ಲ, ಆ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಅಂತ ಹೇಳಿತು. ಪ್ರಕರಣ ಆಮೇಲೆ ಮೇಲ್ಮನವಿಗೂ ಹೋಯಿತು. ಅದು ರಿಪೇರಿಯ ಮಾತು, ಟ್ಯೂನಿಂಗ್‌ಗೆ ನೇರ ರಕ್ಷಣೆ ಅಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಅದರಲ್ಲೇ ಇದೆ: ನಾನು ಬದಲಿಸಿದ್ದಕ್ಕೂ ಕೆಟ್ಟದ್ದಕ್ಕೂ ಏನು ಸಂಬಂಧ? ಫಾಗ್ ಲ್ಯಾಂಪ್ ಹಾಕಿಸಿದ ಗಾಡಿಯ ಪವರ್ ವಿಂಡೋ ಮೋಟಾರ್ ಕೆಟ್ಟರೆ ಈ ಪ್ರಶ್ನೆ ಗಟ್ಟಿಯಾಗಿ ಕೇಳಿ. ರೀಮ್ಯಾಪ್ ಆದ ಗಾಡಿಯ ಟರ್ಬೊ ಹೋದರೆ ಕೇಳಿ ಪ್ರಯೋಜನ ಇಲ್ಲ.

ಹಾಗಾಗಿ ವಾರಂಟಿ ಇರುವವರಿಗೆ ನನ್ನ ಆಯ್ಕೆ ಕಪ್ಲರ್ ಕಿಟ್‌ನ ಲೈಟು, ಬೇಕೇ ಬೇಕು ಅಂದರೆ ಪೆಡಲ್ ಬಾಕ್ಸ್. ವಾರಂಟಿ ಮುಗಿದ, ಆರೋಗ್ಯವಾಗಿರುವ ಬಿಎಸ್4 ಡೀಸೆಲ್‌ಗೆ ಒಳ್ಳೆಯ ರೀಮ್ಯಾಪ್, ಅದೂ ಕ್ಲಚ್ ಬೇಗ ಸವೆಯುತ್ತದೆ ಅಂತ ಗೊತ್ತಿದ್ದು. ಟ್ಯೂನಿಂಗ್ ಬಾಕ್ಸ್ ಯಾರಿಗೂ ಬೇಡ.

ಕ್ಲೇಮ್ ನಿರಾಕರಿಸಿದರೆ ಬಾಯಿಮಾತಿಗೆ ವಾಪಸ್ ಬರಬೇಡಿ. ಯಾವ ಭಾಗ, ಯಾವ ಕಾರಣ, ಯಾವ ಪರೀಕ್ಷೆಯಿಂದ ಗೊತ್ತಾಯಿತು ಅನ್ನುವುದನ್ನು ಜಾಬ್ ಕಾರ್ಡ್ ಮೇಲೆಯೇ ಬರೆಸಿಕೊಳ್ಳಿ. ಕೆಟ್ಟ ಪಾರ್ಟ್ ಅಲ್ಲಿ ಬಿಡುವ ಮೊದಲು ಫೋಟೊ ತೆಗೆಯಿರಿ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಹೋದರೆ ಈ ಹಾಳೆ, ಬಿಲ್ಲು, ವಾರಂಟಿ ಪುಸ್ತಕ ಮೂರೂ ಬೇಕಾಗುತ್ತವೆ.