ಹದಿನೈದು ಮಳೆಗಾಲ ಕಂಡ ನಮ್ಮ ‘ಫಾಲ್ಟಿ ಟವರ್ಸ್’ ಡಿವಿಡಿ ಸೆಟ್

ಈ ಸೆಟ್ ನಮ್ಮ ಮನೆಗೆ ಬಂದದ್ದು 2010ರಲ್ಲಿ. ಭಾವ ದುಬೈಯಿಂದ ರಜೆಗೆ ಬರುವಾಗ ತಂದರು. ಖರ್ಜೂರ, ಸೆಂಟು, ಹಾಲಿನ ಪುಡಿಯ ಡಬ್ಬಿಗಳ ನಡುವೆ ಇದೊಂದು ಪೆಟ್ಟಿಗೆ. “ಹೋಟೆಲಿನ ಕತೆ. ಇದು ನಿಮ್ಮ ಮನೆಯವರಿಗೇ ಸರಿ” ಅಂತ ಕೊಟ್ಟರು. ನಮ್ಮದು ಹೋಟೆಲಿನವರ ಮನೆ. ನನ್ನ ಸೋದರಮಾವ ಹದಿಮೂರನೇ ವಯಸ್ಸಿಗೆ ಮುಂಬೈಗೆ ಹೋಗಿ, ಹೋಟೆಲುಗಳಲ್ಲಿ ದುಡಿದು, ಕೊನೆಗೆ ಉಡುಪಿಗೆ ವಾಪಸ್ ಬಂದು ಕಲ್ಸಂಕದ ಹತ್ತಿರ ಚಿಕ್ಕದೊಂದು ಹೋಟೆಲ್ ಇಟ್ಟಿದ್ದರು. ಕಾಲೇಜು ಬಿಟ್ಟ ಮೇಲೆ ಸಂಜೆ ಹೊತ್ತು ನಾನೂ ಅಲ್ಲಿ ಗಲ್ಲಾದಲ್ಲಿ ಕೂತಿದ್ದೇನೆ. ಹಾಗಾಗಿ ಈ ವಿಮರ್ಶೆ ಒಂದು ವಾರ ನೋಡಿ ಬರೆದದ್ದಲ್ಲ. ಹದಿನೈದು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇವೆ ಅಂತ ಲೆಕ್ಕ ಇಟ್ಟಿಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಇದೊಂದು ಇಂಗ್ಲಿಷ್ ಹಾಸ್ಯ ಧಾರಾವಾಹಿ. ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ 1975ರಲ್ಲಿ ಆರು ಕಂತು ಬಂತು, 1979ರಲ್ಲಿ ಇನ್ನಾರು. ಒಟ್ಟು 12. ಇಂಗ್ಲೆಂಡಿನ ಟಾರ್ಕಿ ಅನ್ನುವ ಕಡಲ ತೀರದ ಊರಲ್ಲಿ ಬೇಸಿಲ್ ಮತ್ತು ಸಿಬಿಲ್ ಅನ್ನುವ ಗಂಡ ಹೆಂಡತಿ ಹೋಟೆಲ್ ನಡೆಸುತ್ತಾರೆ. ನಮ್ಮಲ್ಲಿ ಹೋಟೆಲ್ ಅಂದರೆ ಊಟ ತಿಂಡಿಯ ಜಾಗ. ಅವರದ್ದು ಊಟವೂ ಇರುವ ಲಾಡ್ಜ್ ಅಂದುಕೊಳ್ಳಿ. ಬೇಸಿಲ್‌ಗೆ ಗಿರಾಕಿ ಅಂದರೆ ಆಗುವುದಿಲ್ಲ. ದೊಡ್ಡ ಮನುಷ್ಯರು ಬಂದರೆ ಮಾತ್ರ ಸೊಂಟ ಬಗ್ಗುತ್ತದೆ. ಬೇಸಿಲ್ ಪಾತ್ರ ಮಾಡಿದ ಜಾನ್ ಕ್ಲೀಸ್ ಮತ್ತು ಕೆಲಸದ ಹುಡುಗಿ ಪಾಲಿಯ ಪಾತ್ರ ಮಾಡಿದ ಕಾನಿ ಬೂತ್ ಇಬ್ಬರೂ ಸೇರಿ ಬರೆದದ್ದು. 1970ರಲ್ಲಿ ಕ್ಲೀಸ್ ಮತ್ತು ಗೆಳೆಯರು ಟಾರ್ಕಿಯ ಒಂದು ಹೋಟೆಲಿನಲ್ಲಿ ಉಳಿದಿದ್ದರು. ಅಲ್ಲಿನ ಮಾಲೀಕರ ಒರಟುತನ ನೋಡಿಯೇ ಬೇಸಿಲ್ ಹುಟ್ಟಿದ್ದು.

ಮೊದಲು ವಸ್ತುವಿನ ಬಗ್ಗೆ. ಡಬ್ಬಿಯ ಮೇಲೆ ರೀಜನ್ 2 ಅಂತ ಇತ್ತು. ಡಿವಿಡಿಗಳಿಗೆ ದೇಶಗಳ ಗುಂಪಿನ ಪ್ರಕಾರ ಹೀಗೆ ನಂಬರು ಇರುತ್ತದೆ, ಒಂದು ರೀಜನಿನ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಗಲ್ಫ್, ಯುರೋಪು ಎಲ್ಲ 2ರಲ್ಲಿ ಬರುತ್ತದೆ, ಇಂಡಿಯಾ 5ರಲ್ಲಿ. ನಮ್ಮ ಆಗಿನ ಪ್ಲೇಯರ್ ಡಿಸ್ಕ್ ನುಂಗಿ ಒಂದು ಸಾಲು ತೋರಿಸಿ ಸುಮ್ಮನಾಯಿತು. ಎಲ್ಲರೂ ಬನ್ಸು, ಚಹಾ ಇಟ್ಟುಕೊಂಡು ಕೂತಿದ್ದೆವು, ತುಂಬಾ ಬೇಜಾರಾಯಿತು. ಆಮೇಲೆ ಮಂಗಳೂರಿನ ಹಂಪನಕಟ್ಟೆಯಲ್ಲಿ ರಿಪೇರಿಯವರೊಬ್ಬರು ರಿಮೋಟಿನಲ್ಲೇ ಏನೋ ನಂಬರು ಒತ್ತಿ ಸರಿ ಮಾಡಿಕೊಟ್ಟರು. ಗಲ್ಫಿನಿಂದ ತರಿಸುವವರು ಇದನ್ನು ಮೊದಲೇ ನೋಡಿಕೊಳ್ಳಿ. ಕಂಪ್ಯೂಟರಿನ ಡ್ರೈವಿನಲ್ಲಿ ಹಾಕುವುದಾದರೆ ರೀಜನ್ ಬದಲಿಸಲು ಐದೇ ಸಲ ಅವಕಾಶ, ಆಮೇಲೆ ಅಲ್ಲಿಗೇ ನಿಂತುಬಿಡುತ್ತದೆ.

ಎರಡನೆಯದು ಬೂಷ್ಟು. ಉಡುಪಿಯ ಮಳೆಗಾಲದಲ್ಲಿ ಚಪ್ಪಲಿ ಬಿಡುವುದಿಲ್ಲ, ಪುಸ್ತಕ ಬಿಡುವುದಿಲ್ಲ, ಡಿಸ್ಕ್ ಬಿಡುತ್ತದಾ? ಮೂರನೇ ವರ್ಷ ತೆಗೆದು ನೋಡಿದರೆ ಒಳಗಿನ ಕಾಗದಕ್ಕೆ ಹಸಿರು ಹಿಡಿದಿತ್ತು, ಡಿಸ್ಕಿನ ಅಂಚಿನಲ್ಲಿ ಬಿಳಿ ಚುಕ್ಕೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಉಜ್ಜಬಾರದು. ಈಗ ಸ್ಟೀಲ್ ಕಪಾಟಿನಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಪೊಟ್ಟಣಗಳ ಜೊತೆ ಇಟ್ಟಿದ್ದೇನೆ. ಹಿಡಿದಿಡುವ ಹಲ್ಲು ಮುರಿದು ಒಂದು ಡಿಸ್ಕ್ ಒಳಗೆ ಅಲ್ಲಾಡುತ್ತದೆ. ಕೊನೆಯ ಡಿಸ್ಕಿನಲ್ಲಿ ಒಂದು ಗೀರು ಇದೆ, ಅದರ ಕತೆ ಆಮೇಲೆ.

ಚಿತ್ರ ಹೇಗಿದೆ? 1970ರ ದಶಕದ್ದು, ಹಾಗೆ ತಿಳಿದುಕೊಂಡೇ ನೋಡಬೇಕು. ಒಳಗಿನ ದೃಶ್ಯಗಳು ಸ್ಟುಡಿಯೋದಲ್ಲಿ ವಿಡಿಯೋ ಟೇಪಿನ ಮೇಲೆ ತೆಗೆದವು, ಹೊರಗಿನವು ಫಿಲ್ಮಿನ ಮೇಲೆ. ಹಳೆಯ ಡಬ್ಬಾ ಟಿವಿಯಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ದೊಡ್ಡ ಎಲ್‌ಇಡಿ ಬಂದ ಮೇಲೆ ಬೇಸಿಲ್ ಬಾಗಿಲು ದಾಟಿ ಹೊರಗೆ ಕಾಲಿಟ್ಟ ಕೂಡಲೇ ಬಣ್ಣವೇ ಬೇರೆಯಾಗುತ್ತದೆ. ನನಗೆ ಅದು ಇಷ್ಟ. ಆದರೆ ಒಂದು ಕೆಲಸ ಖಂಡಿತ ಮಾಡಿ: ಟಿವಿಯ ಸೆಟ್ಟಿಂಗಿನಲ್ಲಿ ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ, ಹಳೆಯ ಟಿವಿಯ 4:3 ಅಳತೆಯಲ್ಲೇ ಇಡಿ. ಎರಡು ಬದಿ ಕಪ್ಪು ಇದ್ದರೆ ಇರಲಿ. ಕ್ಲೀಸ್ ಆರಡಿ ಐದಿಂಚಿನ ಮನುಷ್ಯ. ಆ ಉದ್ದ ಕಾಲುಗಳೇ ಅರ್ಧ ನಗು. ಎಳೆದರೆ ಅವರು ಕುಳ್ಳಗೆ ದಪ್ಪಗೆ ಕಾಣುತ್ತಾರೆ, ಆಗ ಕೆಟ್ಟು ನಿಂತ ಕಾರಿಗೆ ಬೇಸಿಲ್ ಮರದ ಕೊಂಬೆ ಮುರಿದು ತಂದು ಬಾರಿಸುವ ದೃಶ್ಯದ ಗಮ್ಮತ್ತೇ ಹೋಗುತ್ತದೆ.

ಇಂಗ್ಲಿಷ್ ಸಬ್‌ಟೈಟಲ್ ಇದೆ, ಅದೇ ನಮಗೆ ದೊಡ್ಡ ಉಪಕಾರ. ಬೇಸಿಲ್ ಸಿಟ್ಟು ಬಂದಾಗ ಆಡುವ ಮಾತು ಓದಿದರೇ ಹಿಡಿಯುತ್ತದೆ. ಮೇಲಿಂದ ನೋಡುಗರ ನಗು ಬೇರೆ. ಅದು ಯಂತ್ರದ ನಗು ಅಲ್ಲ, ಸ್ಟುಡಿಯೋದಲ್ಲಿ ನಿಜವಾಗಿ ಕೂತಿದ್ದ ಜನರದ್ದು. ಜುಲೈ ತಿಂಗಳಲ್ಲಿ ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಸಬ್‌ಟೈಟಲ್ ಇಲ್ಲದೆ ಸಾಧ್ಯವೇ ಇಲ್ಲ.

ಇನ್ನು ನೋಡಿದ್ದರ ಬಗ್ಗೆ. ನಾನು ಬರೆಯಲು ಕೂತದ್ದೇ ಇದಕ್ಕೆ.

ಮೊದಲ ಸಲ ನಾವೆಲ್ಲ ನಕ್ಕದ್ದು ಬೇಸಿಲ್‌ಗೆ. ನಮಗೆ ಇಂಥವರು ಗೊತ್ತು. ಒಲೆ ಆರಿಸಿದ ಮೇಲೆ ಬಂದು ಮಸಾಲೆ ದೋಸೆ ಕೇಳುವ ಗಿರಾಕಿ ಗೊತ್ತು. ‘ವಾಲ್ಡಾರ್ಫ್ ಸಲಾಡ್’ ಕಂತಿನಲ್ಲಿ ಅದೇ ಕತೆ. ಅಡುಗೆಯವನು ಹೊರಟುಹೋದ ಮೇಲೆ ಅಮೆರಿಕದವನೊಬ್ಬ ತನಗೆ ಬೇಕಾದದ್ದೇ ಬೇಕು ಅನ್ನುತ್ತಾನೆ. ಬೇಸಿಲ್ ಒಳಗೆ ಹೋಗಿ ಇಲ್ಲದ ಅಡುಗೆಯವನಿಗೆ ಬೈದಂತೆ ಕೂಗಾಡುತ್ತಾನೆ. ನಮ್ಮ ಹೋಟೆಲಿನ ಅಡಿಗೆ ಭಟ್ರು ಇದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಭಾಷೆ ಅವರಿಗೆ ಪೂರ್ತಿ ತಿಳಿಯದು, ಕೆಲಸ ತಿಳಿದಿತ್ತಲ್ವಾ.

ಆದರೆ ಮಾವ ಒಂದು ಕಡೆ ನಗಲಿಲ್ಲ.

ಈ ಹೋಟೆಲಿನಲ್ಲಿ ಮ್ಯಾನ್ಯುಯಲ್ ಅಂತ ಒಬ್ಬ ಸಪ್ಲೈಯರ್ ಇದ್ದಾನೆ. ಸ್ಪೇನ್ ದೇಶದ ಬಾರ್ಸಿಲೋನಾದವನು. ಇಂಗ್ಲಿಷ್ ಬರುವುದಿಲ್ಲ, ಕಲಿಯುತ್ತಿದ್ದಾನೆ. ಬೇಸಿಲ್ ಅವನ ತಲೆಗೆ ಕುಟ್ಟುತ್ತಾನೆ, ಕಿವಿ ಹಿಡಿದು ಎಳೆಯುತ್ತಾನೆ. ಮಾವ ಮೊದಲ ದಿನದಿಂದಲೇ ಅವನನ್ನು ಕರೆದದ್ದು ‘ಮಾಣಿ’ ಅಂತ. ನಮ್ಮ ಕಡೆ ಹುಡುಗನಿಗೂ ಮಾಣಿ ಅನ್ನುತ್ತಾರೆ, ಹೋಟೆಲಿನ ಹುಡುಗನಿಗೂ ಮಾಣಿ. ಮದುವೆ ಪಾರ್ಟಿಯ ಕಂತಿನಲ್ಲಿ ಬೇಸಿಲ್ ಬಾಣಲೆಯಿಂದ ಅವನ ತಲೆಗೆ ಹೊಡೆಯುತ್ತಾನೆ. ನಾವೆಲ್ಲ ನಕ್ಕೆವು. ಮಾವ, “ಎಂತ ಮಾರಾಯ, ಪಾಪದ ಮಾಣಿಗೆ ಯಾಕೆ ಹೊಡಿಯುದು ಅವ?” ಅಂದರು. ಆಮೇಲೆ ಎದ್ದು ಒಳಗೆ ಹೋದರು.

ಅವರು ಮುಂಬೈಗೆ ಹೋದಾಗ ಹಿಂದಿ ಬರುತ್ತಿರಲಿಲ್ಲ, ಮರಾಠಿಯೂ ಇಲ್ಲ. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್. ಹೋಟೆಲ್ ಮುಚ್ಚಿದ ಮೇಲೆ ಅಲ್ಲೇ ಮೇಜುಗಳನ್ನು ಜೋಡಿಸಿ ಮಲಗುವುದು. ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕರಾವಳಿಯ ಎಷ್ಟೋ ಹೋಟೆಲ್ ಹುಡುಗರು ಓದಿದ್ದಾರೆ. ಮಾವನೂ ಹಾಗೇ ಓದಿದವರು. ಅವರ ಇಂಗ್ಲಿಷ್ ಅಲ್ಲಿಯದ್ದು. ಗಿರಾಕಿ ‘ಪಾನಿ ಕಮ್’, ಅಂದರೆ ನೀರು ಕಮ್ಮಿ ಇರಲಿ, ಅಂದದ್ದನ್ನು ‘ನೀರು ತಾ’ ಅಂತ ತಿಳಿದು ತುಂಬಿದ ಲೋಟ ತಂದಿಟ್ಟು ಯಜಮಾನರಿಂದ ಏಟು ತಿಂದದ್ದನ್ನು ಅವರು ಹೇಳಿದ್ದೇ ಆ ರಾತ್ರಿ. ಅಲ್ಲಿವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮ್ಯಾನ್ಯುಯಲ್ ಪಾತ್ರ ಮಾಡಿದ ಆಂಡ್ರೂ ಸ್ಯಾಕ್ಸ್ ಬಗ್ಗೆ ನಾನು ಓದಿದ್ದು ಆಮೇಲೆ. ಸ್ಪೇನಿನವರೇ ಅಲ್ಲ. 1930ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. ತಂದೆ ಯಹೂದಿ. ನಾಜಿಗಳಿಂದ ತಪ್ಪಿಸಿಕೊಂಡು ಮನೆಯವರು 1938ರಲ್ಲಿ ಇಂಗ್ಲೆಂಡಿಗೆ ಬಂದರು, ಆಗ ಇವರಿಗೆ ಎಂಟು ವರ್ಷ. ಬಾಣಲೆಯ ಆ ಪೆಟ್ಟು ಚಿತ್ರೀಕರಣದಲ್ಲಿ ನಿಜವಾಗಿಯೇ ಜೋರಾಗಿ ಬಿದ್ದಿತ್ತು. ಇನ್ನೊಂದು ಕಂತಿನಲ್ಲಿ ಬೆಂಕಿಯ ದೃಶ್ಯಕ್ಕೆ ಹೊಗೆ ಬರಲಿ ಅಂತ ಅಂಗಿಗೆ ಹಾಕಿದ ರಾಸಾಯನಿಕದಿಂದ ಮೈ ಸುಟ್ಟಿತು. ಇದನ್ನು ಮಾವನಿಗೆ ಹೇಳಿದೆ. ಮಾತಾಡಲಿಲ್ಲ. ಮುಂದಿನ ವಾರ ಅವರಾಗಿಯೇ, “ಆ ಮಾಣಿಯದ್ದು ಹಾಕು” ಅಂದರು.

ಆಮೇಲೆ ಅವರು ನೋಡುತ್ತಿದ್ದ ರೀತಿಯೇ ಬೇರೆ. ಕುದುರೆ ಜೂಜಿನ ಕಂತಿನಲ್ಲಿ ಬೇಸಿಲ್ ಗೆದ್ದ ದುಡ್ಡನ್ನು ಹೆಂಡತಿಯಿಂದ ಮುಚ್ಚಿಡಬೇಕು. ಅದಕ್ಕೆ ಮ್ಯಾನ್ಯುಯಲ್‌ಗೆ ‘ನನಗೇನೂ ಗೊತ್ತಿಲ್ಲ’ ಅನ್ನಲು ಕಲಿಸುತ್ತಾನೆ. ಕಡೆಗೆ ದುಡ್ಡು ತನ್ನದೇ ಅಂತ ಸಾಬೀತು ಮಾಡಲು ಅವನ ಮಾತೇ ಬೇಕಾಗುತ್ತದೆ. ಆಗ ಮ್ಯಾನ್ಯುಯಲ್ ಎದೆಯುಬ್ಬಿಸಿ ನಿಂತು, ನನಗೇನೂ ಗೊತ್ತಿಲ್ಲ ಅನ್ನುತ್ತಾನೆ. ಮಾವ ಕೈ ತಟ್ಟಿ ನಕ್ಕರು. “ಕಲಿಸಿದ್ದನ್ನೇ ಹೇಳಿದ್ದಲ್ವಾ ಅವ!” ಅಂದರು. ಅಲ್ಲಿಂದ ನಾನೂ ಮ್ಯಾನ್ಯುಯಲ್‌ನ ಪಕ್ಕ ನಿಂತು ನೋಡಲು ಶುರು ಮಾಡಿದೆ. ಹನ್ನೆರಡೂ ಕಂತು ಹೊಸದಾಗಿ ಕಂಡವು.

ಹಳತಾಗದ ಹಾಸ್ಯ ಅಂತ ಜನ ಸುಲಭವಾಗಿ ಹೇಳುತ್ತಾರೆ. ಇದರಲ್ಲಿ ಹಳಸಿದ್ದೂ ಇದೆ. ‘ದ ಜರ್ಮನ್ಸ್’ ಕಂತಿನಲ್ಲಿ ಹೋಟೆಲಿನಲ್ಲೇ ಉಳಿದಿರುವ ಮುದಿ ಮೇಜರ್ ಒಂದು ಕ್ರಿಕೆಟ್ ಕತೆ ಹೇಳುತ್ತಾನೆ. ಓವಲ್ ಮೈದಾನದಲ್ಲಿ ಇಂಡಿಯಾ ಆಡಿದ್ದು. ಮೊದಲ ಸಲ ಇಂಡಿಯಾ ಅಂದದ್ದು ಕೇಳಿಯೇ ನಮಗೆ ಖುಷಿ. ಅವನು ವೆಸ್ಟ್ ಇಂಡೀಸಿನವರಿಗೂ ನಮ್ಮವರಿಗೂ ಬಳಸಿದ ಎರಡು ಶಬ್ದಗಳು ಎಂಥ ಬೈಗುಳ ಅಂತ ತಿಳಿದದ್ದು ವರ್ಷಗಳ ನಂತರ. 2020ರಲ್ಲಿ ಬ್ರಿಟನ್ನಿನ ಒಂದು ಸ್ಟ್ರೀಮಿಂಗ್ ಸೇವೆ ಈ ಕಂತನ್ನೇ ತೆಗೆದು, ಕೆಲವೇ ದಿನದಲ್ಲಿ ಎಚ್ಚರಿಕೆಯ ಸಾಲು ಸೇರಿಸಿ ವಾಪಸ್ ಹಾಕಿತು. ನಗು ಮೇಜರನ ಮೇಲೆ, ಅವನ ಮಾತಿನ ಪರವಾಗಿ ಅಲ್ಲ ಅಂತ ಕ್ಲೀಸ್ ವಾದಿಸಿದರು. ಆ ವಾದ ನನಗೆ ಅರ್ಥವಾಗುತ್ತದೆ. ಆದರೆ ಪಿಯುಸಿ ಓದುವ ನನ್ನ ಮಗಳು ಪಕ್ಕದಲ್ಲಿ ಕೂತು, “ಅಮ್ಮ, ಅಷ್ಟು ಜನ ಯಾಕೆ ನಗ್ತಿದ್ದಾರೆ?” ಅಂತ ಕೇಳಿದಾಗ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ನೋಡುಗರ ಆ ನಗುವೂ 1975ರದ್ದೇ, ಟೇಪಿನಲ್ಲಿ ಹಾಗೇ ಉಳಿದಿದೆ. ಕತ್ತರಿಸಬೇಕು ಅಂತ ನಾನು ಹೇಳುವುದಿಲ್ಲ. ನಮ್ಮ ಸೆಟ್ಟಿನಲ್ಲಿ ಅದು ಇದೆ, ಇರಲಿ. ನಾನು ಅಲ್ಲಿ ನಗುವುದಿಲ್ಲ.

ಸಿಬಿಲ್ ವಿಷಯದಲ್ಲಿ ನನ್ನ ತಪ್ಪು ತಿದ್ದಿಕೊಂಡಿದ್ದೇನೆ. ಮೊದಲು ಅವಳು ಬರೀ ಫೋನಿನಲ್ಲಿ ಮಾತಾಡುವ, ಗಂಡನನ್ನು ಗದರಿಸುವ ಹೆಂಗಸು ಅನ್ನಿಸಿತ್ತು. ನಾನು ಮನೆ, ಕೆಲಸ ಎರಡೂ ನೋಡಿಕೊಳ್ಳಲು ಶುರು ಮಾಡಿದ ಮೇಲೆ ಗಮನಿಸಿದೆ: ಆ ಹೋಟೆಲಿನಲ್ಲಿ ಗಿರಾಕಿಯ ಮುಖ ನೋಡಿ ಮಾತಾಡುವವಳು ಅವಳು, ಲೆಕ್ಕ ಗೊತ್ತಿರುವವಳು ಅವಳು. ಅವಳಿಲ್ಲದಿದ್ದರೆ ಆ ಹೋಟೆಲ್ ಒಂದು ವಾರ ನಡೆಯದು. ಸಿಬಿಲ್ ಪಾತ್ರ ಮಾಡಿದ ಪ್ರುನೆಲ್ಲಾ ಸ್ಕೇಲ್ಸ್ 2025ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಆ ರಾತ್ರಿ ನಾನೊಬ್ಬಳೇ ‘ಆನಿವರ್ಸರಿ’ ಕಂತು ಹಾಕಿ ನೋಡಿದೆ.

ಹನ್ನೆರಡೇನಾ ಅಂತ ಬೇಸರಪಡುವವರು ಇದ್ದಾರೆ. ನಮ್ಮ ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ನೂರಾರು ಕಂತು ಬಂದವು. ಅವುಗಳ ಮೇಲೂ ನನಗೆ ಪ್ರೀತಿ ಜಾಸ್ತಿಯೇ. ಆದರೆ ಅಲ್ಲಿ ನೆನಪಿರುವುದು ಜನ, ಪಕ್ಕದ ಮನೆಯವರು ನೆನಪಿರುವ ಹಾಗೆ. ಇಲ್ಲಿ ಒಂದೊಂದು ಕಂತೂ ಬಿಗಿಯಾಗಿ ಕಟ್ಟಿದ ಮಲ್ಲಿಗೆ ಚೆಂಡು. ಮೊದಲ ಐದು ನಿಮಿಷದಲ್ಲಿ ಸುಮ್ನೆ ಬಂದ ಮಾತು ಕೊನೆಯಲ್ಲಿ ಬೇಸಿಲ್‌ನ ಕಾಲಿಗೆ ತೊಡರುತ್ತದೆ. ಆರೇಳು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ, ಪುನಃ ಹಾಕಬಹುದು.

ಓಟಿಟಿಯಲ್ಲಿ ಸಿಗುತ್ತದಲ್ಲ ಅಂತ ಕೇಳಬಹುದು. ಒಂದು ಕಡೆ ಇತ್ತು, ಒಂದು ದಿನ ಹುಡುಕಿದರೆ ಇಲ್ಲ. ಕಪಾಟಿನಲ್ಲಿದ್ದದ್ದು ಕಪಾಟಿನಲ್ಲೇ ಇದೆ.

ಹೋಟೆಲನ್ನು ಬೇರೆಯವರಿಗೆ ಕೊಟ್ಟು ಮಾವ ಈಗ ನಮ್ಮ ಜೊತೆಗೇ ಇದ್ದಾರೆ. ಕಿವಿ ಕೇಳುವುದು ಕಮ್ಮಿ, ಮಿಷನ್ ಹಾಕಿಸಿದ್ದೇವೆ. ಕುದುರೆ ಜೂಜಿನ ಅದೇ ಕಂತಿನಲ್ಲಿ ಮಿಸೆಸ್ ರಿಚರ್ಡ್ಸ್ ಅನ್ನುವ ಮುದುಕಿ ಬ್ಯಾಟರಿ ಮುಗಿಯುತ್ತದೆ ಅಂತ ತನ್ನ ಕಿವಿಯ ಮಿಷನ್ ಆಫ್ ಮಾಡಿಟ್ಟು ಎಲ್ಲರ ಜೀವ ತೆಗೆಯುತ್ತಾಳೆ. ಹದಿನೈದು ವರ್ಷದ ಹಿಂದೆ ಮಾವ ಅದಕ್ಕೆ ಹೊಟ್ಟೆ ಹಿಡಿದು ನಕ್ಕಿದ್ದರು. ಈಗ ಮಳೆ ಜೋರಾದರೆ ಆ ಶಬ್ದ ತಡೆಯದೆ ಅವರೇ ಮಿಷನ್ ತೆಗೆದು ಅಂಗಿಯ ಕಿಸೆಗೆ ಹಾಕುತ್ತಾರೆ. ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿ, ಸಬ್‌ಟೈಟಲ್ ಒಂದೊಂದೇ ಸಾಲು ಓದುತ್ತಾ ನೋಡುತ್ತಾರೆ. ಓದಿ ಮುಗಿಸುವಷ್ಟರಲ್ಲಿ ಟಿವಿಯವರ ನಗು ಮುಗಿದಿರುತ್ತದೆ. ಇವರ ನಗು ಆಮೇಲೆ ಬರುತ್ತದೆ.

ಅವರಿಗೆ ಈಗ ಬೇಕಾದದ್ದು ಕೊನೆಯ ಕಂತು. ಹೋಟೆಲಿಗೆ ಹೆಲ್ತ್ ಇನ್‌ಸ್ಪೆಕ್ಟರ್ ಬಂದಿದ್ದಾರೆ. ಮ್ಯಾನ್ಯುಯಲ್ ತನ್ನ ಕೋಣೆಯಲ್ಲಿ ಒಂದು ಇಲಿ ಸಾಕಿದ್ದಾನೆ. ಅದು ಇಲಿ ಅಂತ ಅವನು ಒಪ್ಪುವುದಿಲ್ಲ, ಸೈಬೀರಿಯಾದ ಹ್ಯಾಮ್‌ಸ್ಟರ್ ಅನ್ನುತ್ತಾನೆ. ಹೆಸರು ಬೇಸಿಲ್ ಅಂತಲೇ ಇಟ್ಟಿದ್ದಾನೆ. ಮುಂಬೈಯ ಮಾಟುಂಗದ ಹೋಟೆಲಿನಲ್ಲಿ ಮಾವನೂ ಒಂದು ಬೆಕ್ಕಿನ ಮರಿ ಸಾಕಿದ್ದರಂತೆ. ಯಜಮಾನರಿಗೆ ಕಾಣದ ಹಾಗೆ ಹಿಟ್ಟಿನ ಡಬ್ಬಗಳ ಹಿಂದೆ. ಹಾಲಿನ ಕೆನೆ ಕದ್ದು ಹಾಕುತ್ತಿದ್ದರು. ಅದಕ್ಕೆ ಏನು ಹೆಸರಿಟ್ಟಿದ್ದರು ಅಂತ ಎಷ್ಟು ಕೇಳಿದರೂ ಹೇಳಿಲ್ಲ.

ಗೀರು ಇರುವುದು ಇದೇ ಕಂತಿನಲ್ಲಿ. ಇಲಿ ಊಟದ ಕೋಣೆಯೊಳಗೆ ಸೇರಿದ ಮೇಲೆ ಒಂದು ಕಡೆ ಚಿತ್ರ ನಿಂತುಬಿಡುತ್ತದೆ. ಮ್ಯಾನ್ಯುಯಲ್‌ನ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಮುಂದಿನ ಭಾಗಕ್ಕೆ ಹಾರಿಸುವ ಬಟನ್ ಒತ್ತಬೇಕು, ಸುಮಾರು ಅರ್ಧ ನಿಮಿಷ ಹೋಗುತ್ತದೆ. ನಾನು ರಿಮೋಟ್ ಹುಡುಕುವಷ್ಟರಲ್ಲಿ ಮಾವ ಕೈ ಅಡ್ಡ ಹಿಡಿದು, “ನಿಲ್ಲು, ಈಗ ಅವ ಎಂತ ಹೇಳ್ತಾನೆ ನಂಗೆ ಗೊತ್ತುಂಟು” ಅನ್ನುತ್ತಾರೆ. ನನ್ನ ಮಗಳ ಕಡೆ ತಿರುಗಿ, ಆ ಅರ್ಧ ನಿಮಿಷವನ್ನು ತಾವೇ ಮಾಡಿ ತೋರಿಸುತ್ತಾರೆ.