ತರಗತಿಯ ಗಾಳಿ ಅಳೆಯುವ ಮೀಟರು: ಒಂದು ಮಳೆಗಾಲದ ಬಳಕೆಯ ನಂತರ

ನಾನು ಪಾಠ ಮಾಡುವುದು ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಒಳಗೆ ಹೊಡೆಯುತ್ತದೆಂದು ಪಶ್ಚಿಮದ ಕಿಟಕಿಗಳನ್ನು ಮುಚ್ಚಿಕೊಂಡೇ ತರಗತಿ ನಡೆಸುವುದು ಇಲ್ಲಿನ ರೂಢಿ. ಬಿಸಿಯೂಟದ ನಂತರ ಮಕ್ಕಳು ತೂಕಡಿಸಿದರೆ ಅದನ್ನು ಊಟದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಿದ್ದೆವು. ಆದರೆ ಬೆಳಗಿನ ಮೂರನೆಯ ಅವಧಿಯಲ್ಲಿಯೇ ಏಳನೆಯ ತರಗತಿಯವರು ಸಾಲುಸಾಲಾಗಿ ಆಕಳಿಸತೊಡಗಿದಾಗ, ಮತ್ತು ಅದೇ ಹೊತ್ತಿಗೆ ಒಳಬಂದ ಮುಖ್ಯ ಶಿಕ್ಷಕರು ಬಾಗಿಲಲ್ಲಿಯೇ ನಿಂತು "ಏನ್ ಮೇಡಂ, ಒದ್ದೆ ಕಂಬಳಿ ಹೊದ್ದ ಹಾಗಿದೆಯಲ್ಲ ಕೊಠಡಿ" ಎಂದಾಗ, ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರೊಂದನ್ನು ಕೊಳ್ಳಬೇಕೆಂದು ನಿಶ್ಚಯಿಸಿದೆ.

ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗದಷ್ಟಿರುತ್ತದೆ. ಇದನ್ನೇ ಪಿಪಿಎಂ ಎನ್ನುವುದು. ನಾವು ಹೊರಬಿಡುವ ಉಸಿರಿನಲ್ಲಿಯಾದರೋ ಅದು ಶೇಕಡಾ 4ರ ಆಸುಪಾಸು, ಅಂದರೆ ಸುಮಾರು 40,000 ಪಿಪಿಎಂ. ಹೀಗಾಗಿ ಕೊಠಡಿಯೊಳಗಿನ ಅಂಕಿ ಏರಿದಷ್ಟೂ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದೇ ಅರ್ಥ. ಕ್ಷಯ, ಫ್ಲೂ, ದಡಾರದಂತಹ ರೋಗಗಳು ಹರಡುವುದು ಇಂತಹ ಗಾಳಿಯ ಮೂಲಕವೇ. ಒಳಾಂಗಣದಲ್ಲಿ 1,000 ಪಿಪಿಎಂ ಮೀರಬಾರದೆಂದು ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿಯೇ ಹೇಳಿದ್ದರು. ಕಿಟಕಿಗಾಳಿಯನ್ನೇ ನಂಬಿದ ಶಾಲೆಗಳಿಗೆ ಇಂಗ್ಲೆಂಡಿನ ಮಾರ್ಗಸೂಚಿ ಹಾಕಿರುವ ಮಿತಿ ದಿನದ ಸರಾಸರಿ 1,500. ಕೋವಿಡ್ ಕಾಲದಲ್ಲಿ, 2021ರಲ್ಲಿ, ಅಲ್ಲಿನ ಸರ್ಕಾರವೇ ಶಾಲೆಗಳಿಗೆ ಇಂತಹ ಮೀಟರುಗಳನ್ನು ಹಂಚಿತ್ತು.

ಮೊದಲು ಆನ್‌ಲೈನ್‌ನಲ್ಲಿ ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕ ಒಂದನ್ನು ತರಿಸಿ ಮೋಸ ಹೋದೆ. ಖಾಲಿ ಕೊಠಡಿಯಲ್ಲಿ ಫಿನಾಯಿಲ್ ಹಾಕಿ ನೆಲ ಒರೆಸಿದ ಕೂಡಲೇ ಅದು 3,000 ತೋರಿಸಿತು. ಸ್ಯಾನಿಟೈಸರ್ ಹಚ್ಚಿದ ಕೈಯನ್ನು ಹತ್ತಿರ ಒಯ್ದರೆ ಇನ್ನೂ ಮೇಲಕ್ಕೆ ಜಿಗಿಯಿತು. ಅಗ್ಗದ ಅನೇಕ ಮೀಟರುಗಳು ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಗಾಳಿಯಲ್ಲಿ ತೇಲುವ ಬೇರೆ ಆವಿಗಳನ್ನು ಮೂಸಿ ಒಂದು ಅಂದಾಜಿನ ಅಂಕಿ ಕೊಡುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲೆ 'ಎನ್‌ಡಿಐಆರ್' (ಅವಕೆಂಪು ಬೆಳಕಿನಿಂದ ಅಳೆಯುವ ವಿಧಾನ) ಎಂದು ಬರೆದಿದೆಯೇ ಎಂದು ನೋಡಿ ಕೊಳ್ಳಬೇಕು. ಈ ಅನಿಲ ಅವಕೆಂಪು ಬೆಳಕಿನ ನಿರ್ದಿಷ್ಟ ತರಂಗಗಳನ್ನು ಹೀರಿಕೊಳ್ಳುತ್ತದೆ, ಎಷ್ಟು ಹೀರಿತೆಂಬುದರ ಮೇಲೆ ಅಳತೆ ಸಿಗುತ್ತದೆ. ನಾನು ಎರಡನೆಯ ಬಾರಿ ಕೊಂಡದ್ದು ಇಂಥದ್ದು. ಬೆಲೆ ಸುಮಾರು ಆರು ಸಾವಿರ, ಅಂಗೈಯಗಲ, ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಆಗುತ್ತದೆ. ಸ್ಯಾನಿಟೈಸರಿನ ಪರೀಕ್ಷೆಗೆ ಅದು ಮಿಸುಕಲಿಲ್ಲ.

ಏಳನೆಯ ತರಗತಿಯದು ಹೊಸ ಆರ್‌ಸಿಸಿ ಕಟ್ಟಡದ ಕೊಠಡಿ, ಮೂವತ್ತೆಂಟು ಮಕ್ಕಳು. ಕಿಟಕಿ ಮುಚ್ಚಿ ಪಾಠ ಶುರು ಮಾಡಿ ನಲವತ್ತು ನಿಮಿಷವಾಗುವಷ್ಟರಲ್ಲಿ ಅಂಕಿ 2,400 ದಾಟಿತು. ಪಕ್ಕದ ಹಳೆಯ ಕಟ್ಟಡದ ಐದನೆಯ ತರಗತಿಯಲ್ಲಿ, ಕಿಟಕಿಗಳು ಅಷ್ಟೇ ಬಿಗಿಯಾಗಿ ಮುಚ್ಚಿದ್ದರೂ, 1,200ರ ಹತ್ತಿರವೇ ನಿಂತಿತ್ತು. ಮಕ್ಕಳ ಸಂಖ್ಯೆ ಅಲ್ಲಿ ಸ್ವಲ್ಪ ಕಡಿಮೆಯೆಂಬುದು ನಿಜ, ಆದರೆ ಇಷ್ಟು ಅಂತರಕ್ಕೆ ಮುಖ್ಯ ಕಾರಣ ಮಾಡು. ಮಂಗಳೂರು ಹೆಂಚಿನ ಎತ್ತರದ ಮಾಡಿಗೆ ಏರಿದ ಬಿಸಿಗಾಳಿ ಹೆಂಚುಗಳ ಸಂದಿನಿಂದ ತಾನಾಗಿಯೇ ಹೊರಹೋಗುತ್ತದೆ. ಸೋರುತ್ತದೆಂದು ನಾವು ವರ್ಷವರ್ಷವೂ ಬೈಯುವ ಮಾಡು ಅದು!

ಮೀಟರಿನಿಂದ ಇನ್ನೊಂದು ಭ್ರಮೆಯೂ ಕಳಚಿತು. ಸೆಕೆ ಎನಿಸಿದಾಗ ಫ್ಯಾನ್ ಹಾಕಿದರೆ ಗಾಳಿ ಬಂತೆಂದು ನಾವು ತಿಳಿಯುತ್ತೇವೆ. ಎರಡೂ ಫ್ಯಾನುಗಳನ್ನು ಐದರಲ್ಲಿಟ್ಟು ಕಾಲು ಗಂಟೆ ಕಾದೆವು. ಅಂಕಿ ಇಳಿಯುವುದಿರಲಿ, ಏರುತ್ತಲೇ ಹೋಯಿತು. ಫ್ಯಾನು ಒಳಗಿನ ಗಾಳಿಯನ್ನೇ ಕದಡುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ಒಂದೇ ಬದಿಯ ಕಿಟಕಿಯನ್ನು ತೆರೆದಾಗ 1,600ಕ್ಕೆ ಇಳಿದದ್ದು, ಎದುರು ಗೋಡೆಯ ಬಾಗಿಲನ್ನೂ ತೆರೆದಾಗ ಸಾವಿರದ ಆಸುಪಾಸಿಗೆ ಬಂದಿತು.

ಮಳೆ ಹೊಡೆಯುವಾಗ ಮಾತ್ರ ಕಿಟಕಿ ತೆರೆಯುವಂತಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಸೂರಿನ ಕೆಳಗಿನ ವೆಂಟಿಲೇಟರುಗಳು. ಪಾರಿವಾಳ ಬರುತ್ತವೆಂದು ಯಾರೋ ಎಂದೋ ಅವಕ್ಕೆ ಹಳೆಯ ಫ್ಲೆಕ್ಸ್ ಹೊಡೆದು ಮುಚ್ಚಿದ್ದರು. ಏಣಿ ಹತ್ತಿ ನೋಡಿದರೆ ಯಾವುದೋ ಜಯಂತಿಯ ಹಾರ್ದಿಕ ಶುಭಾಶಯಗಳು ಅರ್ಧ ಹರಿದು ನೇತಾಡುತ್ತಿದ್ದವು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಾನು ಬೇರೇನೂ ವಾದಿಸದೆ ಮೀಟರನ್ನು ಮೇಜಿನ ಮೇಲಿಟ್ಟೆ. ಸಭೆ ಮುಗಿಯುವ ಹೊತ್ತಿಗೆ ಅದು ಕೆಂಪು ದೀಪ ತೋರಿಸುತ್ತಿದ್ದುದರಿಂದ ಫ್ಲೆಕ್ಸ್ ತೆಗೆದು ತಂತಿ ಜಾಲರಿ ಮತ್ತು ಓರೆ ಪಟ್ಟಿಗಳನ್ನು ಕೂರಿಸಲು ಒಪ್ಪಿಗೆ ಸಿಕ್ಕಿತು. ಬಡಗಿಯ ಎರಡು ದಿನದ ಕೆಲಸ. ಈಗ ಕಿಟಕಿ ಮುಚ್ಚಿದ್ದರೂ ಏಳನೆಯ ತರಗತಿಯ ಅಂಕಿ 1,500 ದಾಟುವುದು ಅಪರೂಪ.

ಯಂತ್ರದ ಕುಂದುಗಳನ್ನೂ ಹೇಳಬೇಕು. ಬ್ಯಾಟರಿ ಒಂದು ಶಾಲಾ ದಿನಕ್ಕೂ ಸಾಲುವುದಿಲ್ಲ; ಕರೆಂಟು ಹೋದ ದಿನ ಮೂರು ಗಂಟೆಗೇ ಕಣ್ಣು ಮುಚ್ಚುತ್ತದೆ. ಮಿತಿ ಮೀರಿದಾಗ ಕೂಗುವ ಸದ್ದನ್ನು ಮೊದಲ ದಿನವೇ ನಿಲ್ಲಿಸದಿದ್ದರೆ ಪಾಠ ನಡೆಯುವುದಿಲ್ಲ. ಮಕ್ಕಳಿಗಂತೂ ಅದರ ಮೇಲೆ ಉಸಿರೂದಿ ಯಾರು ಹೆಚ್ಚು ಅಂಕ ತೆಗೆಯುತ್ತಾರೆಂಬುದೇ ಆಟವಾಗಿ, ಅದನ್ನು ಕಪಾಟಿನ ಮೇಲಕ್ಕೆ ಏರಿಸಬೇಕಾಯಿತು. ಸೀಮೆಸುಣ್ಣದ ಧೂಳಾಗಲಿ ಒಲೆಯ ಹೊಗೆಯಾಗಲಿ ಇದಕ್ಕೆ ಕಾಣುವುದಿಲ್ಲ. ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಾಳಿಯೆಂದು ಭಾವಿಸಿ ಇದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ರಾತ್ರಿ ಖಾಲಿ ಬೀಳುವ ಶಾಲೆಗೆ ಇದು ಹೊಂದುತ್ತದೆ, ಸದಾ ಜನವಿರುವ ಹಾಸ್ಟೆಲ್ ಕೋಣೆಗೆ ಹೊಂದುವುದಿಲ್ಲ.

ಪ್ರತಿ ಕೊಠಡಿಗೂ ಒಂದನ್ನು ಕೊಳ್ಳುವುದು ದುಂದುವೆಚ್ಚ. ಇಡೀ ಶಾಲೆಗೆ ಒಂದು ಸಾಕು. ಒಂದೊಂದು ಕೊಠಡಿಯಲ್ಲಿ ಒಂದು ವಾರ ಇಟ್ಟು, ಉಳಿದ ಹಣವನ್ನು ಬಡಗಿಗೆ ಕೊಡುವುದು ಮೇಲು. ನಮ್ಮದು ಸದ್ಯಕ್ಕೆ ನಲಿಕಲಿ ಕೊಠಡಿಯಲ್ಲಿದೆ.