ಅಡಿಕೆ ಹಾಳೆಗೆ ಮಸಿ ಹಚ್ಚಿದ ಭಾನುವಾರ

ನಾನು ಶಿವಮೊಗ್ಗದ ಮಂಡಿಯೊಂದರಲ್ಲಿ ಅಡಿಕೆ ಲೆಕ್ಕ ಬರೆಯುವವನು. ಚೀಲದ ಮೇಲೆ ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಯ ಗುರುತು ಹಾಕಿಸುವುದು ಬಿಟ್ಟರೆ ಅಚ್ಚಿನ ಕೆಲಸ ನನಗೆ ಗೊತ್ತಿರಲಿಲ್ಲ. ಮಗಳು ಹಟ ಹಿಡಿದಳು ಅಂತ ಆನಂದಪುರದ ಹತ್ತಿರ ಒಂದು ಹಳೇ ಮನೆಯಲ್ಲಿ ನಡೆಯುವ, ಕೈಯಿಂದ ಅಚ್ಚು ತೆಗೆಯಲು ಕಲಿಸುವ ಒಂದು ದಿನದ ಶಿಬಿರಕ್ಕೆ ಹೋದೆವು. ತಲೆಗೆ 900 ರೂಪಾಯಿ. ಗೊಣಗಿಕೊಂಡೇ ಕೊಟ್ಟೆ.

ಮನೆಯಿಂದ ಏನಾದರೂ ಹಳೇ ಸಾಮಾನು ತನ್ನಿ ಅಂದಿದ್ದರು. ನಾನು ಅಟ್ಟದಲ್ಲಿದ್ದ ಅಡಿಕೆ ಹಾಳೆಯನ್ನು ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ ಒಯ್ದೆ. ಜೊತೆಗೆ ಹರಿದ ಗೋಣಿ. ಮಗಳು ಚಕ್ಕುಲಿ ಒರಳಿನ ನಕ್ಷತ್ರದ ಬಿಲ್ಲೆಯನ್ನೇ ಎತ್ತಿಕೊಂಡಳು. ಅಜ್ಜಿಗೆ ಹೇಳಲಿಲ್ಲ.

ಗಾಜಿನ ಮೇಲೆ ಮಸಿ ಹಾಕಿ ರೋಲರ್‌ನಿಂದ ತೆಳ್ಳಗೆ ಹರಡಬೇಕು. ಹದ ಬಂದಾಗ ಚರಚರ ಅಂತ ಸದ್ದು ಬರುತ್ತದೆ. ಆ ರೋಲರನ್ನು ಸಾಮಾನಿನ ಮೇಲೆ ಓಡಿಸಿದರೆ ಉಬ್ಬಿದ ಕಡೆ ಮಾತ್ರ ಮಸಿ ಹತ್ತುತ್ತದೆ, ತಗ್ಗು ಬಿಳಿಯಾಗಿಯೇ ಉಳಿಯುತ್ತದೆ. ಮೇಲೆ ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜುವುದು, ಅಷ್ಟೇ.

ಅಡಿಕೆ ಹಾಳೆಯಿಂದ ತೆಗೆದ ನನ್ನ ಮೊದಲ ಅಚ್ಚು ಬರೀ ಕರೀ ಮುದ್ದೆ. ಕಲಿಸುವ ಮೇಡಂ ನೋಡಿ, "ಎಂತ ಮಾರಾಯ್ರೆ, ಹಾಳೆಗೆ ಹೊಟ್ಟೆ ಬಿರಿಯ ಮಸಿ ತಿನ್ನಿಸಿದ್ದೀರಲ್ಲ! ಇನ್ನು ಮಸಿ ಹಚ್ಚಬೇಡಿ, ಸುಮ್ನೆ ಇನ್ನೊಂದು ಕಾಗದ ಇಡಿ" ಅಂದರು. ಇಟ್ಟು, ಉಜ್ಜಿ, ಮೂಲೆಯಿಂದ ಮೆಲ್ಲಗೆ ಎತ್ತಿದೆ. ಕೂದಲಿನಷ್ಟು ಸಣ್ಣ ಗೆರೆಗಳು, ಒತ್ತೊತ್ತಾಗಿ, ಬಾಚಿಟ್ಟ ಹಾಗೆ. ಹುಳ ತಿಂದ ತೂತು ಬಿಳಿ ಚುಕ್ಕೆಯಾಗಿ ಬಿದ್ದಿತ್ತು. ಇಷ್ಟು ವರ್ಷ ಹಂಡೆ ಒಲೆಗೆ ತುರುಕಿದ ಹಾಳೆಯಲ್ಲಿ ಇದೆಲ್ಲ ಇತ್ತಾ?

ಆಮೇಲೆ ಲಿನೋ ಅನ್ನುವ, ಕೆತ್ತಲು ಬರುವ ಮೆತ್ತನೆ ಹಾಸಿನ ತುಂಡಿನಲ್ಲಿ 'ರಾಶಿ' ಅಂತ ಕೆತ್ತಿದೆ. ಅಚ್ಚು ಉಲ್ಟಾ ಬಂತು. ಅಕ್ಷರ ತಿರುಗಿಸಿ ಕೆತ್ತಬೇಕು ಅಂತ ಮೊದಲೇ ಹೇಳಿದ್ದರಂತೆ, ನಾನು ಕೇಳಿಸಿಕೊಂಡಿರಲಿಲ್ಲ. ಊಟಕ್ಕೆ ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ. ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಬೇರೆ ಕಡೆ. ಎಂಟು ಜನಕ್ಕೆ ಎರಡೇ ರೋಲರ್. ಅರ್ಧ ದಿನ ಸರದಿಗೆ ಕಾದಿದ್ದೇ ಬಂತು. ಒಬ್ಬರಿಗೆ ನಾಲ್ಕೇ ಹಾಳೆ ಕಾಗದ, ಮೇಲೆ ಬೇಕಾದರೆ ಒಂದಕ್ಕೆ 40 ರೂಪಾಯಿ. ದುಡ್ಡು ಕಟ್ಟುವಾಗ ಇದನ್ನು ಹೇಳಬೇಕಿತ್ತು, ಅಲ್ವಾ? ಇನ್ನೊಂದು, ಅದು ಎಣ್ಣೆ ಮಸಿ. ಆಷಾಢದ ಮಳೆಯಲ್ಲಿ ಎಲ್ಲಿ ಒಣಗಬೇಕು? ಹಸಿ ಅಚ್ಚನ್ನೇ ಪೇಪರಿನಲ್ಲಿ ಸುತ್ತಿ ಕೈಗಿಟ್ಟರು. ಮನೆಗೆ ಬಂದು ಬಿಚ್ಚಿದರೆ ಗೋಣಿಯ ಅಚ್ಚು ಅರ್ಧ ಪೇಪರಿಗೇ ಅಂಟಿತ್ತು. ಉಳಿದವನ್ನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕಿದೆವು. ಐದನೇ ದಿನವೂ ಕೈಗೆ ಹತ್ತುತ್ತಿತ್ತು.

ಮಸಿ ಕಡಿಮೆ ಇದ್ದ, ಅಡಿಕೆ ಹಾಳೆಯ ಆ ಎರಡನೇ ಅಚ್ಚು ಮಾತ್ರ ಬೇಗ ಒಣಗಿತು. ಈಗ ಮಂಡಿಯಲ್ಲಿ ನನ್ನ ಕುರ್ಚಿಯ ಹಿಂದೆ ಇದೆ.

ನಾನಂತೂ ಇನ್ನೊಮ್ಮೆ ಹೋಗುತ್ತೇನೆ. ಆದರೆ ಮಳೆ ಬಿಟ್ಟ ಮೇಲೆ, ಕಾಗದ ನಾನೇ ಕಟ್ಟಿಕೊಂಡು. ಅದಕ್ಕೂ ಮೊದಲು ಪೇಟೆಯಲ್ಲಿ ಒಂದು ಚಕ್ಕುಲಿ ಬಿಲ್ಲೆ ಹುಡುಕಬೇಕು. ಎಣ್ಣೆ ಹಾಕಿ, ಸೋಪು ಹಾಕಿ ಎಷ್ಟು ಉಜ್ಜಿದರೂ ನಕ್ಷತ್ರದ ಮೂಲೆಯ ಮಸಿ ಹೋಗುತ್ತಿಲ್ಲ, ಗೌರಿ ಹಬ್ಬ ಹತ್ತಿರ ಬಂತು.